ಹಸಿರು ಮೇವು ತಿಂದ ಕೋಳಿ ಹೃದಯಕ್ಕೆ ಮದ್ದೇ?

*ಹೃದಯದ ಮಾತು – ಕಂತು 34*



ಈ ವಾರ ಬಿಪಿ ಮಾತ್ರೆಗಳ ಬಗ್ಗೆ ಬರೆಯುತ್ತೇನೆ ಎಂದು ಹೇಳಿದ್ದೆ. ಅದನ್ನು ಮುಂದಿನ ಕಂತಿಗೆ ಇಟ್ಟುಕೊಳ್ಳೋಣ. ಹದಿನೈದು ದಿನಗಳಿಂದ ಒಂದೇ ವಿಷಯದ ಮೇಲೆ ಪ್ರಶ್ನೆಗಳು ಬರುತ್ತಿವೆ. ಥಾಣೆಯಿಂದ ಒಬ್ಬರು, ಹೈದರಾಬಾದಿನಿಂದ ಇಬ್ಬರು, ನಮ್ಮ ಪುಣೆಯಲ್ಲೇ ನಾಲ್ಕೈದು ಮನೆಯವರು ಕೇಳಿದ್ದು ಇಷ್ಟು:

"ಡಾಕ್ಟರೇ, ನಮ್ಮ ಸೊಸೈಟಿ ಗ್ರೂಪಿನಲ್ಲಿ ಹೈಡ್ರೋಪೋನಿಕ್ ಕೋಳಿ ಅಂತ ಮಾರಾಟಕ್ಕೆ ಬಂದಿದೆ. ಮಣ್ಣಿಲ್ಲದೆ ನೀರಲ್ಲೇ ಬೆಳೆಸಿದ ಹಸಿರು ಮೇವು ತಿನ್ನಿಸಿದ ಬ್ರಾಯ್ಲರ್ ಅಂತೆ. ಅದರಲ್ಲಿ ಕೊಲೆಸ್ಟ್ರಾಲ್ ಇರೋದಿಲ್ಲವಂತೆ. ಹಾರ್ಟ್ ಪೇಷಂಟ್‌ಗಳು ಎಷ್ಟು ಬೇಕಾದರೂ ತಿನ್ನಬಹುದಂತೆ. ನಿಜವೇ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಜವಲ್ಲ. ಅಂಥ ಕೋಳಿ ತಿಂದರೆ ಕೆಟ್ಟದ್ದೇನೂ ಆಗುವುದಿಲ್ಲ. ಆದರೆ ಅದನ್ನು ಔಷಧ ಎಂದುಕೊಂಡರೆ ಕೆಟ್ಟದ್ದಾಗುತ್ತದೆ. ಹೇಗೆ ಅಂತೀರಾ? ಈಚೆಗೆ ನನ್ನ ಮುಂದೆ ನಡೆದದ್ದನ್ನೇ ಹೇಳುತ್ತೇನೆ.

*ರಾತ್ರಿ ಎರಡೂವರೆಗೆ ಬಂದ ಫೋನು*

ಹಾವೇರಿ ಜಿಲ್ಲೆಯ ಕಡೆಯವರು, ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿದ್ದಾರೆ. ವಯಸ್ಸು 52. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಳು ತಿಂಗಳ ಹಿಂದೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದೆವು. ಮೂರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 58ಕ್ಕೆ ಇಳಿದಿತ್ತು. ಬಹಳ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಕಳಿಸಿದ್ದೆ.

ಆಮೇಲೆ ಒಂದು ರಾತ್ರಿ ಎರಡೂವರೆಗೆ ಅವರ ಮನೆಯವರ ಫೋನು. ಎದೆ ಹಿಡಿದುಕೊಂಡಿದೆ, ಮೈಯೆಲ್ಲ ಬೆವರು. ಆಸ್ಪತ್ರೆಗೆ ಕರೆತಂದು ನೋಡಿದರೆ ಹಾಕಿದ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡಿತ್ತು. ಎಲ್‌ಡಿಎಲ್ 141. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇಷ್ಟು ಏರಲು ಸಾಧ್ಯವಿಲ್ಲ. ಮತ್ತೆ ಆಂಜಿಯೋಪ್ಲಾಸ್ಟಿ ಮಾಡಿ ಜೀವ ಉಳಿಸಿದೆವು. ಮಾರನೆಯ ದಿನ ಕೇಳಿದಾಗ ಅವರು ಹೇಳಿದ್ದು:

"ಡಾಕ್ಟ್ರ, ನಾವು ಈಗ ಹಸರ ಮೇವಿನ ಕೋಳೀನ ತಿನ್ನೂದ್ರಿ. ಅದರಾಗ ಕೊಲೆಸ್ಟ್ರಾಲ್ ಇರೂದಿಲ್ಲಂತ ಮೆಸೇಜ್ ಬಂದಿತ್ತು. ಮತ್ತ ಗುಳಿಗಿ ಯಾಕ ಬೇಕಂತ ಎರಡ ತಿಂಗಳಾತು ಬಿಟ್ಟೀನ್ರಿ."

ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ, "ಕಿಲೋಕ್ಕ ಎರಡ ಪಟ್ಟು ರೊಕ್ಕ ಕೊಟ್ಟ ತರತಿದ್ವಿರಿ" ಎಂದು ಕಣ್ಣೊರೆಸಿಕೊಂಡರು.

ಈಗ ಅವರು ಮನೆಯಲ್ಲಿದ್ದಾರೆ. ಆದರೆ ಹೃದಯದ ಪಂಪ್ ಮಾಡುವ ಶಕ್ತಿ 55ರಿಂದ 40ಕ್ಕೆ ಇಳಿದಿದೆ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಆ ಮೆಸೇಜ್ ಬರೆದವರಿಗೆ ಇದು ಗೊತ್ತೇ ಇಲ್ಲ. ಹಾಗಾಗಿ ಇವತ್ತು ಈ ಹಸಿರು ಮೇವು ಅಂದರೇನು, ಅದನ್ನು ಕೋಳಿ ತಿಂದರೆ ಏನಾಗುತ್ತದೆ, ಆ ಕೋಳಿಯನ್ನು ನಾವು ತಿಂದರೆ ಏನಾಗುತ್ತದೆ ಎಂದು ಮೂರು ಮೆಟ್ಟಿಲಲ್ಲಿ ನೋಡೋಣ. ನಾನು ಪಶುವೈದ್ಯ ಶಾಸ್ತ್ರ ಓದಿದವರಲ್ಲಿ ಒಬ್ಬರಲ್ಲ. ಕೋಳಿಯ ಆಹಾರದ ಲೆಕ್ಕವನ್ನು ಪಶುವೈದ್ಯರಾಗಿರುವ ಗೆಳೆಯರೊಬ್ಬರ ಜೊತೆ ಕೂತು ನೋಡಿಕೊಂಡೇ ಬರೆದಿದ್ದೇನೆ.

*ಮೊದಲ ಮೆಟ್ಟಿಲು: ಈ ಮೇವು ಅಂದರೇನು?*

ಹೆಸರು ದೊಡ್ಡದು, ಕೆಲಸ ಸರಳ. ನಮ್ಮ ಮನೆಯಲ್ಲಿ ಹೆಸರುಕಾಳು ನೆನೆಸಿ ಬಟ್ಟೆ ಕಟ್ಟಿ ಮೊಳಕೆ ಬರಿಸುತ್ತೇವಲ್ಲ, ಅದನ್ನೇ ಇನ್ನೂ ಒಂದು ವಾರ ಮುಂದುವರಿಸಿದ ಹಾಗೆ. ಮೆಕ್ಕೆಜೋಳವನ್ನು ತೊಳೆದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನೆನೆಸುತ್ತಾರೆ. ಆಮೇಲೆ ತೂತಿರುವ ಟ್ರೇಗಳಲ್ಲಿ ಹರಡಿ, ನೆರಳಲ್ಲಿಟ್ಟು, ದಿನಕ್ಕೆ ಹಲವು ಸಲ ನೀರು ಚಿಮುಕಿಸುತ್ತಾರೆ. ಏಳೆಂಟು ದಿನಕ್ಕೆ ಬೇರು, ಕಾಳು, ಹಸಿರು ಎಲೆ ಎಲ್ಲ ಹೆಣೆದುಕೊಂಡು ಒಂದು ದಪ್ಪ ಚಾಪೆಯಂತೆ ಎದ್ದು ಬರುತ್ತದೆ. ಇದೇ ಹೈಡ್ರೋಪೋನಿಕ್ ಮೇವು. ನಮ್ಮ ರಾಣೆಬೆನ್ನೂರು ಕಡೆ ಗೋವಿನಜೋಳ ಅನ್ನುವುದನ್ನು, ಮೈಸೂರು ಕಡೆ ಮುಸುಕಿನ ಜೋಳ ಅನ್ನುವುದನ್ನೇ ಇದಕ್ಕೆ ಹೆಚ್ಚಾಗಿ ಬಳಸುತ್ತಾರೆ. ಹೊರದೇಶಗಳಲ್ಲಿ ಬಾರ್ಲಿ ಹೆಚ್ಚು.

ಗೋವಾದಲ್ಲಿರುವ ಐಸಿಎಆರ್ ಸಂಶೋಧನಾ ಕೇಂದ್ರ ಈ ಮೇವನ್ನು ಹಾಲು ಕೊಡುವ ಹಸುಗಳಿಗೆ ಕೊಟ್ಟು ಸಾಕಷ್ಟು ಅಧ್ಯಯನ ಮಾಡಿದೆ. ಜಮೀನಿಲ್ಲದವರಿಗೆ, ಬೇಸಿಗೆಯಲ್ಲಿ ಹಸಿಹುಲ್ಲು ಸಿಗದ ಕಡೆ ಹಸುಗಳಿಗೆ ಇದು ಉಪಕಾರಿ. ಅದರಲ್ಲಿ ಎರಡು ಮಾತಿಲ್ಲ.

ಜಾಹೀರಾತಿನಲ್ಲಿ ಹೇಳುವ ಮಾತು ಇದು: "ಒಂದು ಕಿಲೋ ಕಾಳಿನಿಂದ ಆರು ಕಿಲೋ ಮೇವು!" ಇದು ಸುಳ್ಳಲ್ಲ. ಆದರೆ ಆ ಆರು ಕಿಲೋದಲ್ಲಿ ಇರುವುದೇನು ನೋಡಿ.

• ಒಣ ಮೆಕ್ಕೆಜೋಳ ಒಂದು ಕಿಲೋದಲ್ಲಿ ಸುಮಾರು 900 ಗ್ರಾಂ ಒಣ ಪದಾರ್ಥ, ಉಳಿದದ್ದು ತೇವ.
• ಬೆಳೆದ ಮೇವಿನಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ನೀರು. ಒಣ ಪದಾರ್ಥ ಸುಮಾರು 13.
• ಅಂದರೆ ಆರು ಕಿಲೋ ಮೇವನ್ನು ಒಣಗಿಸಿದರೆ ಸಿಗುವುದು 780 ಗ್ರಾಂ.

ಹಾಕಿದ್ದು 900 ಗ್ರಾಂ, ಸಿಕ್ಕಿದ್ದು 780 ಗ್ರಾಂ. ಉಳಿದದ್ದು ಎಲ್ಲಿ ಹೋಯಿತು? ಮೊಳಕೆ ಬೆಳೆಯಲು ಶಕ್ತಿ ಬೇಕಲ್ಲ, ಕಾಳಿನಲ್ಲಿದ್ದ ಪಿಷ್ಟವನ್ನೇ ಅದು ಸುಟ್ಟುಕೊಂಡಿತು. ತೂಕ ಹೆಚ್ಚಿದ್ದು ನೀರಿನಿಂದ.

ಇನ್ನೊಂದು ಮಾತು: "ಮೊಳಕೆ ಬಂದರೆ ಪ್ರೋಟೀನ್ ಹೆಚ್ಚುತ್ತದೆ." ಒಣ ಲೆಕ್ಕದಲ್ಲಿ ಕಾಳಿನಲ್ಲಿ ನೂರಕ್ಕೆ ಎಂಟೊಂಬತ್ತು ಇದ್ದದ್ದು ಮೇವಿನಲ್ಲಿ ಹದಿಮೂರರ ಆಸುಪಾಸಿಗೆ ಬರುವುದು ನಿಜ. ಸಾರು ಕುದಿಸುತ್ತಾ ಹೋದರೆ ನೀರು ಆರಿ ಉಪ್ಪು ಜಾಸ್ತಿ ಅನ್ನಿಸುತ್ತದೆ. ಯಾರೂ ಹೊಸದಾಗಿ ಉಪ್ಪು ಹಾಕಿಲ್ಲ. ಇಲ್ಲಿಯೂ ಹೆಚ್ಚುಕಡಿಮೆ ಅದೇ ಕಥೆ. ಪಿಷ್ಟ ಕರಗಿ ಹೋಗಿದ್ದರಿಂದ ಪ್ರೋಟೀನಿನ ಪಾಲು ಹೆಚ್ಚಾಗಿ ಕಾಣುತ್ತದೆ.

ನಿಜವಾಗಿ ಹೆಚ್ಚುವುದು ಕೆಲವು ಜೀವಸತ್ವಗಳು ಮತ್ತು ಎಲೆಯ ಬಣ್ಣದ ಅಂಶಗಳು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

*ಎರಡನೆಯ ಮೆಟ್ಟಿಲು: ಇದನ್ನು ಬ್ರಾಯ್ಲರ್ ತಿಂದರೆ?*

ಹಸುವಿನ ಹೊಟ್ಟೆಗೂ ಕೋಳಿಯ ಹೊಟ್ಟೆಗೂ ಬಹಳ ವ್ಯತ್ಯಾಸ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸಿ ಶಕ್ತಿ ಮಾಡಿಕೊಡುತ್ತವೆ. ಮಲಗಿ ಮೆಲುಕು ಹಾಕುತ್ತದಲ್ಲ, ಅದೆಲ್ಲ ಈ ಕೆಲಸಕ್ಕೇ. ಕೋಳಿಗೆ ಆ ವ್ಯವಸ್ಥೆ ಇಲ್ಲ. ಚಿಕನ್ ಅಂಗಡಿಯಲ್ಲಿ ಕಲೇಜಿ-ಪೇಟಾ ಎಂದು ಕೊಡುತ್ತಾರಲ್ಲ, ಆ ಪೇಟಾ ಕಾಳು ಅರೆಯುವ ಗಟ್ಟಿ ಸ್ನಾಯುವಿನ ಚೀಲ. ಅದು ಕಾಳನ್ನು ಅರೆಯಬಲ್ಲದು, ನಾರನ್ನು ಜೀರ್ಣ ಮಾಡಲಾರದು. ತಿಂದದ್ದು ಕೆಲವೇ ಗಂಟೆಗಳಲ್ಲಿ ಹೊರಗೆ ಹೋಗುತ್ತದೆ.

ಅದರಲ್ಲೂ ಬ್ರಾಯ್ಲರ್ ಅಂದರೆ ಅವಸರದ ಹಕ್ಕಿ. ಹುಟ್ಟಿದಾಗ ಸುಮಾರು 40 ಗ್ರಾಂ ಇರುವ ಮರಿ ಐದಾರು ವಾರಕ್ಕೆ ಎರಡು ಕಿಲೋ ಆಗುತ್ತದೆ. ಐವತ್ತು ಪಟ್ಟು! ಇದಕ್ಕೆ ಕಾರಣ ಹಾರ್ಮೋನ್ ಇಂಜೆಕ್ಷನ್ ಎಂದು ಬಹಳ ಜನ ನಂಬಿದ್ದಾರೆ. ಅದೂ ತಪ್ಪು. ದಶಕಗಳ ಕಾಲ ಬೇಗ ಬೆಳೆಯುವ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಮಾಡಿದ್ದು ಒಂದು ಕಾರಣ, ಲೆಕ್ಕ ಹಾಕಿ ಮಾಡಿದ ಆಹಾರ ಇನ್ನೊಂದು. ಆ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸೋಯಾ ಹಿಂಡಿ, ಮೇಲೆ ಖನಿಜ, ವಿಟಮಿನ್, ಲೈಸಿನ್, ಮೆಥಿಯೋನಿನ್. ಕಿಲೋಗೆ ಸುಮಾರು 3000 ಕ್ಯಾಲೊರಿ ಶಕ್ತಿ, ನೂರಕ್ಕೆ 20ರ ಆಸುಪಾಸು ಪ್ರೋಟೀನ್.

ಈಗ ಈ ಆಹಾರದ ಬದಲು ಹಸಿರು ಮೇವನ್ನೇ ಕೊಟ್ಟರೆ? ಐದನೇ ವಾರದ ಕೋಳಿ ದಿನಕ್ಕೆ 150 ಗ್ರಾಂ ಒಣ ಫೀಡ್ ತಿನ್ನುತ್ತದೆ ಎಂದುಕೊಳ್ಳಿ. ಅಷ್ಟೇ ಒಣ ಪದಾರ್ಥ ಹಸಿರು ಮೇವಿನಿಂದ ಸಿಗಬೇಕಾದರೆ ಅದು ದಿನಕ್ಕೆ ಒಂದು ಕಿಲೋ ಮೇವು ತಿನ್ನಬೇಕು. ಕೋಳಿಯ ತೂಕವೇ ಎರಡು ಕಿಲೋ ಇಲ್ಲ! 60 ಕಿಲೋ ತೂಕದ ಮನುಷ್ಯ ದಿನಕ್ಕೆ 30 ಕಿಲೋ ಕೋಸಂಬರಿ ತಿಂದ ಹಾಗೆ. ಸಾಧ್ಯವಿಲ್ಲ. ಹೊಟ್ಟೆ ನೀರಿನಿಂದ ತುಂಬುತ್ತದೆ, ಕೋಳಿ ಬೆಳೆಯುವುದಿಲ್ಲ.

ಆದ್ದರಿಂದ ಯಾವ ಬ್ರಾಯ್ಲರ್ ಸಾಕಣೆಯವರೂ ಬರೀ ಹಸಿರು ಮೇವಿನ ಮೇಲೆ ಕೋಳಿ ಬೆಳೆಸಲಾರರು. ಮಾಮೂಲಿ ಫೀಡ್ ಕೊಟ್ಟು, ಅದರ ಜೊತೆಗೆ ಸ್ವಲ್ಪ ಮೇವು ಕತ್ತರಿಸಿ ಹಾಕಬಹುದು, ಅಷ್ಟೇ. ಹಾಗೆ ಹಾಕುವುದು ತಪ್ಪಲ್ಲ. ಕೋಳಿಗಳಿಗೆ ಕುಕ್ಕಿ ತಿನ್ನಲು ಏನಾದರೂ ಸಿಕ್ಕಿದರೆ ಒಂದನ್ನೊಂದು ಕುಕ್ಕುವುದು ಕಡಿಮೆಯಾಗುತ್ತದೆ. ಪ್ರಮಾಣ ಸ್ವಲ್ಪ ಇದ್ದಾಗ ತೂಕಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಪ್ರಮಾಣ ಹೆಚ್ಚಿದಂತೆ ತೂಕ ಇಳಿಯುತ್ತದೆ. ಹಿತ್ತಲಲ್ಲಿ ಸಾಕುವ ನಾಟಿ ಕೋಳಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜದಂಥ ಕೋಳಿ ನಿಧಾನವಾಗಿ ಬೆಳೆಯುತ್ತವೆ, ಸೊಪ್ಪು-ಹುಳ ಎಲ್ಲ ತಿನ್ನುತ್ತವೆ. ಅವಕ್ಕೆ ಈ ಮೇವು ಹೆಚ್ಚು ಹೊಂದುತ್ತದೆ.

ಹೀಗಾಗಿ ನಿಮ್ಮ ಸೊಸೈಟಿ ಗ್ರೂಪಿನ ಹಸಿರು ಮೇವಿನ ಬ್ರಾಯ್ಲರ್ ಕೂಡ ತಿಂದದ್ದು ಬಹುಪಾಲು ಅದೇ ಮೆಕ್ಕೆಜೋಳ-ಸೋಯಾ ಫೀಡ್. ಇಲ್ಲವಾದರೆ ಅದು ಎರಡು ಕಿಲೋ ತೂಗುತ್ತಲೇ ಇರಲಿಲ್ಲ.

*ಬೂಷ್ಟಿನ ಅಪಾಯ*

ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಟ್ರೇ ಎಂದರೆ ಬೂಷ್ಟಿಗೆ ಹಬ್ಬ. ಅದರಲ್ಲೂ ಮೆಕ್ಕೆಜೋಳಕ್ಕೆ ಹಿಡಿಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಅದು ಕೋಳಿಯ ಯಕೃತ್ತನ್ನು ಹಾಳು ಮಾಡುತ್ತದೆ, ಮರಿಗಳು ಸಾಯಬಹುದು. ಈ ವಿಷ ಬರೀ ಕುದಿಸಿದರೆ ಹೋಗುವಂಥದ್ದಲ್ಲ. ಬಿಳಿ ಬೇರಿನ ಎಳೆ ಬೇರೆ, ಬೂಷ್ಟಿನ ನೂಲು ಬೇರೆ. ಬೂಷ್ಟಾದರೆ ಹಳಸಲು ವಾಸನೆ ಬರುತ್ತದೆ, ಕೈಗೆ ಲೋಳೆ ಹತ್ತುತ್ತದೆ. ಅಂಥ ಟ್ರೇಯನ್ನು ಪೂರ್ತಿ ಎಸೆಯಬೇಕು.

ಇನ್ನೊಂದು ತಪ್ಪು: ಅಂಗಡಿಯಿಂದ ಬಿತ್ತನೆ ಬೀಜ ತಂದು ನೆನೆಹಾಕುವುದು. ಕೆಂಪು, ಗುಲಾಬಿ ಬಣ್ಣ ಹಚ್ಚಿದ ಬೀಜಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದು ಹೊಲಕ್ಕೆ ಮಾತ್ರ. ಕೋಳಿಗೂ ಬೇಡ, ದನಕ್ಕೂ ಬೇಡ.

*ಮೂರನೆಯ ಮೆಟ್ಟಿಲು: ಆ ಕೋಳಿ ನಮ್ಮ ತಟ್ಟೆಗೆ ಬಂದರೆ?*

ಈಗ ನನ್ನ ವಿಷಯಕ್ಕೆ ಬಂದೆ. ಮೆಸೇಜುಗಳಲ್ಲಿ ಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

*1. "ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲ"*

ಕೊಲೆಸ್ಟ್ರಾಲ್ ಕೋಳಿಗೆ ಮೇವಿನಿಂದ ಬರುವುದಿಲ್ಲ. ಮೆಕ್ಕೆಜೋಳದಲ್ಲೂ ಇಲ್ಲ, ಹಸಿರು ಎಲೆಯಲ್ಲೂ ಇಲ್ಲ. ಕೋಳಿ ಅದನ್ನು ತನ್ನ ದೇಹದಲ್ಲೇ ತಯಾರು ಮಾಡಿಕೊಳ್ಳುತ್ತದೆ. ಅದರ ಪ್ರತಿ ಜೀವಕೋಶದ ಪೊರೆಗೂ ಅದು ಬೇಕು. ಅದಿಲ್ಲದ ಕೋಳಿ ಬದುಕುವುದೇ ಇಲ್ಲ. ಚರ್ಮ ತೆಗೆದ ಎದೆಯ ಮಾಂಸ ಬೇಯಿಸಿದ್ದು 100 ಗ್ರಾಂ ತೆಗೆದುಕೊಂಡರೆ ಸುಮಾರು 85 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ. ಹಸಿರು ಮೇವು ಅದನ್ನು ಸೊನ್ನೆ ಮಾಡಲಾರದು.

ಹಾಗೆಂದು ಆ 85 ಮಿಲಿಗ್ರಾಂಗೆ ಹೆದರಬೇಕಿಲ್ಲ. ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ನಮ್ಮ ಯಕೃತ್ತೇ ಮಾಡಿದ್ದು. ಅದನ್ನು ಹೆಚ್ಚು ಏರಿಸುವುದು ಬೆಣ್ಣೆ, ಡಾಲ್ಡಾ, ಕೆನೆ, ಮಾಂಸದ ಕೊಬ್ಬಿನಂಥ ಗಟ್ಟಿ ಕೊಬ್ಬುಗಳು.

*2. "ಇದರಲ್ಲಿ ಕೊಬ್ಬು ಕಡಿಮೆ"*

ಕೊಬ್ಬು ಎಷ್ಟು ಎಂಬುದು ಯಾವ ಭಾಗ, ಚರ್ಮ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಬೇಯಿಸಿದ 100 ಗ್ರಾಂ ಲೆಕ್ಕದಲ್ಲಿ:

• ಚರ್ಮ ತೆಗೆದ ಎದೆ ಭಾಗ – ಕೊಬ್ಬು 3ರಿಂದ 4 ಗ್ರಾಂ, ಪ್ರೋಟೀನ್ ಸುಮಾರು 30 ಗ್ರಾಂ
• ಚರ್ಮ ಸಮೇತ ತೊಡೆ – ಕೊಬ್ಬು ಸುಮಾರು 15 ಗ್ರಾಂ
• ಬರೀ ಚರ್ಮ – ಕೊಬ್ಬು ಸುಮಾರು 40 ಗ್ರಾಂ

ಅಂಗಡಿಯವನಿಗೆ "ಚರ್ಮ ತೆಗೆದು ಕೊಡಿ" ಎಂದು ಹೇಳುವ ಒಂದು ಮಾತು, ಮೇವಿನ ಮೇಲೆ ಕೊಡುವ ಎರಡು ಪಟ್ಟು ಹಣಕ್ಕಿಂತ ನಿಮ್ಮ ಹೃದಯಕ್ಕೆ ಹೆಚ್ಚು ಒಳ್ಳೆಯದು.

*3. "ಇದರಲ್ಲಿ ಒಮೆಗಾ-3 ಇದೆ"*

ಇದರಲ್ಲಿ ಒಂದು ಸತ್ಯದ ಎಳೆ ಇದೆ. ಕೋಳಿ ಎಂಥ ಕೊಬ್ಬು ತಿನ್ನುತ್ತದೋ ಅದರ ಛಾಯೆ ಅದರ ಮಾಂಸದ ಕೊಬ್ಬಿನಲ್ಲಿ ಬರುತ್ತದೆ. ಅಗಸೆ ತಿನ್ನಿಸಿದ ಕೋಳಿಯಲ್ಲಿ ಒಮೆಗಾ-3 ಹೆಚ್ಚುವುದು ನಿಜ. ಆದರೆ ಹಸಿರು ಮೇವಿನಲ್ಲಿ ಎಷ್ಟಿದೆ? ದಿನಕ್ಕೆ 50 ಗ್ರಾಂ ಮೇವು ಹಾಕಿದರೆ ಒಣ ಪದಾರ್ಥ ಆರೇಳು ಗ್ರಾಂ. ಅದರಲ್ಲಿ ಎಲ್ಲ ಬಗೆಯ ಕೊಬ್ಬೂ ಸೇರಿ ಒಂದು ಚಿಟಿಕೆ. ಅದು ಕೋಳಿಯ ಮೈ ಸೇರಿ, ಅಡುಗೆಯಾಗಿ, ನಿಮ್ಮ ತಟ್ಟೆಗೆ ಬರುವಷ್ಟರಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಚಮಚ ಅಗಸಿ ಪುಡಿಯಲ್ಲಿ ಅರ್ಧ ಗ್ರಾಂ ಒಮೆಗಾ-3 ಇದೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಪುಡಿ ಯಾವ ಕಾಲದಿಂದಲೂ ಇದೆ; ಉಪ್ಪು ಮಾತ್ರ ಕಡಿಮೆ ಹಾಕಿ. ಮುಂಬೈಯಲ್ಲಿರುವ ಕರಾವಳಿಯ ಅಣ್ಣ-ಅಕ್ಕಂದಿರಿಗೆ ಬಂಗುಡೆ, ಬೂತಾಯಿ ಇದ್ದೇ ಇದೆ. ಹುರಿಯುವ ಬದಲು ಪುಳಿಮುಂಚಿ ಮಾಡಿ ತಿನ್ನಿ. ಒಮೆಗಾ-3 ಬೇಕಾದವರಿಗೆ ಇವು ಹತ್ತಿರದ ದಾರಿ.

*4. "ಮಾಂಸ ಹಳದಿಯಾಗಿದೆ, ನೋಡಿ ಎಷ್ಟು ನೈಸರ್ಗಿಕ"*

ಹಸಿರು ಎಲೆಯಲ್ಲಿ, ಹಳದಿ ಜೋಳದಲ್ಲಿ ಇರುವ ಬಣ್ಣದ ಅಂಶ ಕೋಳಿಯ ಚರ್ಮಕ್ಕೆ, ಮೊಟ್ಟೆಯ ಭಂಡಾರಕ್ಕೆ ಹಳದಿ ಬಣ್ಣ ಕೊಡುತ್ತದೆ. ಚೆಂಡುಹೂವಿನ ಸಾರ ಫೀಡಿಗೆ ಬೆರೆಸಿಯೂ ಅದೇ ಬಣ್ಣ ತರಬಹುದು. ಆ ಬಣ್ಣದ ಅಂಶಗಳು ಒಳ್ಳೆಯವೇ. ಆದರೆ ಪಾಲಕ್, ಮೆಂತ್ಯ, ರಾಜಗಿರಿ ಸೊಪ್ಪಿನಲ್ಲಿ ಅವು ಎಷ್ಟೋ ಹೆಚ್ಚು, ಬೆಲೆ ಎಷ್ಟೋ ಕಡಿಮೆ.

*5. "ಆಂಟಿಬಯಾಟಿಕ್ ಇಲ್ಲ"*

ಕೋಳಿಗೆ ಮೇವು ಹಾಕುವುದಕ್ಕೂ ಔಷಧ ಕೊಡುವುದಕ್ಕೂ ಸಂಬಂಧವಿಲ್ಲ. ಹಸಿರು ಮೇವು ಹಾಕುವವರೂ ಔಷಧ ಕೊಟ್ಟಿರಬಹುದು, ಹಾಕದವರೂ ಕೊಡದೆ ಇರಬಹುದು. ಕೋಳಿ ಸಾಕಣೆಯಲ್ಲಿ ಆಂಟಿಬಯಾಟಿಕ್ ಮಿತಿಮೀರಿ ಬಳಸುವುದು ನಿಜಕ್ಕೂ ಚಿಂತೆಯ ವಿಷಯ. ಔಷಧಕ್ಕೆ ಬಗ್ಗದ ರೋಗಾಣುಗಳು ಅದರಿಂದ ಹುಟ್ಟುತ್ತವೆ. ಐಸಿಯುನಲ್ಲಿ ನಮಗೆ ಕೊನೆಯ ಅಸ್ತ್ರದಂತೆ ಉಳಿದಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ-ಪಕ್ಷಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮಾರುವವರನ್ನು ಕೇಳಬೇಕಾದ ಪ್ರಶ್ನೆ: "ಔಷಧ ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾರುತ್ತೀರಿ? ಪರೀಕ್ಷೆಯ ವರದಿ ಇದೆಯೇ?" ಮೇವಿನ ಫೋಟೋ ಅದಕ್ಕೆ ಉತ್ತರವಲ್ಲ.

*ಹಾಗಾದರೆ ಹೃದ್ರೋಗಿಗಳು ಕೋಳಿ ತಿನ್ನಬಹುದೇ?*

ಧಾರಾಳವಾಗಿ ತಿನ್ನಬಹುದು, ಮಿತವಾಗಿ. ಮಾಮೂಲಿ ಅಂಗಡಿಯ ಬ್ರಾಯ್ಲರ್ ಸಾಕು.

• ಚರ್ಮ ತೆಗೆಸಿ. ಕಾಣುವ ಹಳದಿ ಕೊಬ್ಬನ್ನು ಕತ್ತರಿಸಿ ತೆಗೆಯಿರಿ.
• ಒಂದು ಹೊತ್ತಿಗೆ ಒಬ್ಬರಿಗೆ ಬೆಂದ ಮಾಂಸ 100 ಗ್ರಾಂ ಆಸುಪಾಸು, ಅಂದರೆ ಅಂಗೈ ಅಗಲದಷ್ಟು.
• ಕೋಳಿಗಿಂತ ಮಸಾಲೆಯಲ್ಲಿ ಅಪಾಯ ಹೆಚ್ಚು. ಸಾವಜಿ ಊಟದ ಮೇಲೆ ತೇಲುವ ಎಣ್ಣೆ, ಸುಕ್ಕಕ್ಕೆ ಹಾಕುವ ತುಪ್ಪ-ತೆಂಗಿನಕಾಯಿ, ಬಟರ್ ಚಿಕನ್‌ನ ಬೆಣ್ಣೆ-ಕೆನೆ – ಇವನ್ನು ಅರ್ಧಕ್ಕೆ ಇಳಿಸಿ. ರುಚಿಗೆ ಮೆಣಸು, ಬೆಳ್ಳುಳ್ಳಿ, ನಿಂಬೆಹಣ್ಣು ಇವೆ.
• ಇಡೀ ದಿನಕ್ಕೆ ಉಪ್ಪು ಒಬ್ಬರಿಗೆ 5 ಗ್ರಾಂ, ಒಂದು ಸಣ್ಣ ಚಮಚ. ಹೊರಗಿನ ಒಂದು ಬಿರಿಯಾನಿಯಲ್ಲೇ ಅದರ ದೊಡ್ಡ ಪಾಲು ಮುಗಿದುಹೋಗಬಹುದು.
• ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬೇಡಿ. ನೀರು ಚಿಮ್ಮಿ ರೋಗಾಣುಗಳು ಪಾತ್ರೆ, ತರಕಾರಿಗೆಲ್ಲ ಹಾರುತ್ತವೆ. ಪೂರ್ತಿ ಬೇಯಿಸಿ, ಒಳಗೆ ಗುಲಾಬಿ ಬಣ್ಣ ಉಳಿಯಬಾರದು.
• ತಟ್ಟೆಯಲ್ಲಿ ಸೊಪ್ಪು-ತರಕಾರಿ, ಬೇಳೆ-ಕಾಳು ಮುಖ್ಯವಾಗಿರಲಿ. ಮೊಳಕೆಕಾಳನ್ನು ಕೋಳಿಯ ಮೂಲಕ ತಿನ್ನುವುದಕ್ಕಿಂತ ನೇರ ನಾವೇ ತಿನ್ನುವುದು ಮೇಲು. ವಯಸ್ಸಾದವರು, ಗರ್ಭಿಣಿಯರು ಬೇಯಿಸಿ ತಿನ್ನಿ.

*ಮಾತ್ರೆ ಏನು ಮಾಡುತ್ತದೆ, ಊಟ ಏನು ಮಾಡುತ್ತದೆ*

ಕಟ್ಟುನಿಟ್ಟಾಗಿ ಪಥ್ಯ ಮಾಡಿದರೆ ಸಾಮಾನ್ಯವಾಗಿ ಎಲ್‌ಡಿಎಲ್ ನೂರಕ್ಕೆ ಹತ್ತು-ಹದಿನೈದು ಇಳಿಯಬಹುದು. ಅಟೊರ್ವಾಸ್ಟಾಟಿನ್‌ನಂಥ ಮಾತ್ರೆ ಪೂರ್ಣ ಪ್ರಮಾಣದಲ್ಲಿ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಇರಬೇಕು. ಊಟ ಒಂದರಿಂದಲೇ ಅಲ್ಲಿಗೆ ತಲುಪುವುದು ಬಹಳ ಅಪರೂಪ. "ರಿಪೋರ್ಟ್ ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?" ಎಂದು ಕೇಳುತ್ತಾರೆ. ರಿಪೋರ್ಟ್ ನಾರ್ಮಲ್ ಬಂದದ್ದೇ ಮಾತ್ರೆಯಿಂದ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಕೆಲಸ ಬೇರೆಯೇ. ಸ್ಟೆಂಟ್ ಎಂಬುದು ನಾಳದೊಳಗೆ ಕೂತ ಲೋಹದ ಜಾಲರಿ. ಅದರ ಮೇಲೆ ನಮ್ಮದೇ ಒಳಪದರ ಬೆಳೆದು ಮುಚ್ಚುವವರೆಗೆ ಅದಕ್ಕೆ ರಕ್ತ ಅಂಟಿಕೊಳ್ಳುವ ಅಪಾಯ ಹೆಚ್ಚು. ಹೃದಯಾಘಾತದ ನಂತರ ಸಾಮಾನ್ಯವಾಗಿ ಒಂದು ವರ್ಷ ಎರಡು ಬಗೆಯ ಮಾತ್ರೆ ಕೊಡುವುದು ಇದಕ್ಕೇ. ಯಾವ ಕೋಳಿಯೂ, ಯಾವ ಸೊಪ್ಪೂ ಈ ಕೆಲಸ ಮಾಡುವುದಿಲ್ಲ. ಹಲ್ಲು ಕೀಳಿಸಬೇಕೆಂದರೂ, ಹೊಟ್ಟೆ ಉರಿ ಎಂದರೂ, ಹಣದ ಅಡಚಣೆ ಎಂದರೂ ನಿಮ್ಮ ವೈದ್ಯರಿಗೆ ಹೇಳಿ. ಕಡಿಮೆ ಬೆಲೆಯ ಜನೌಷಧಿ ಮಾತ್ರೆ ಬರೆದುಕೊಡಬಹುದು. ನೀವಾಗಿ ನಿಲ್ಲಿಸಬೇಡಿ.

*ಇನ್ನೊಂದು ಎಚ್ಚರಿಕೆ: ಟ್ರೇ ಹುಲ್ಲಿನ ಜ್ಯೂಸು*

ಚೆನ್ನೈನ ಒಬ್ಬ ತಾಯಿ ಬಾಲ್ಕನಿಯಲ್ಲಿ ಇದೇ ಟ್ರೇ ಇಟ್ಟು ಗೋಧಿ ಹುಲ್ಲು ಬೆಳೆಸಿ ದಿನಾ ರಸ ಕುಡಿಯುತ್ತಿರುವುದಾಗಿ ಬರೆದಿದ್ದಾರೆ. ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಲೋಹದ ಹೃದಯ ಕವಾಟ ಹಾಕಿಸಿಕೊಂಡು ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಮಾಡಬಾರದು. ಹಸಿರು ಎಲೆಯಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಐಎನ್‌ಆರ್ ಇಳಿದು ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಪಾರ್ಶ್ವವಾಯು ಆಗಬಹುದು. ಸೊಪ್ಪು ಬಿಡಿ ಎಂದು ಹೇಳುತ್ತಿಲ್ಲ. ದಿನಾ ತಿನ್ನುವಷ್ಟನ್ನೇ ತಿನ್ನಿ. ಹೊಸದಾಗಿ ಯಾವ ರಸ, ಪುಡಿ ಶುರು ಮಾಡುವ ಮೊದಲೂ ವೈದ್ಯರನ್ನು ಕೇಳಿ.

*ಊರಲ್ಲಿ ತಮ್ಮ ಮಷಿನ್ ಹಾಕಬೇಕು ಅನ್ನುತ್ತಿದ್ದರೆ*

ಥಾಣೆಯ ಒಬ್ಬ ಅಣ್ಣ ಕೇಳಿದ ಪ್ರಶ್ನೆ ಬೇರೆಯದು. ಹೋಟೆಲ್ ಕೆಲಸದಲ್ಲಿ ಕೂಡಿಟ್ಟ ಹಣ. ಊರಲ್ಲಿರುವ ತಮ್ಮ ಬ್ರಾಯ್ಲರ್ ಶೆಡ್‌ಗೆ ಹೈಡ್ರೋಪೋನಿಕ್ ಮಷಿನ್ ಹಾಕಿದರೆ ಫೀಡಿನ ಖರ್ಚು ಅರ್ಧ ಆಗುತ್ತದೆ ಎಂದು ಹಣ ಕೇಳುತ್ತಿದ್ದಾನೆ. ಕೊಡಬೇಕೇ?

ಹಣದ ಚಿಂತೆಯೂ ಎದೆಗೆ ಭಾರವೇ, ಹಾಗಾಗಿ ಉತ್ತರಿಸುತ್ತೇನೆ. ಮೇಲೆ ಹೇಳಿದ 900 ಗ್ರಾಂ, 780 ಗ್ರಾಂ ಲೆಕ್ಕವನ್ನು ತಮ್ಮನಿಗೆ ಓದಿ ಹೇಳಿ. ಒಂದು ಕಿಲೋ ಕಾಳನ್ನು ಹಾಗೇ ಕೊಟ್ಟರೆ ಬ್ರಾಯ್ಲರ್‌ಗೆ ಹೆಚ್ಚು ಶಕ್ತಿ. ಮೊಳಕೆ ಬರಿಸಿದರೆ ಕಡಿಮೆ, ಮೇಲೆ ಕರೆಂಟು, ನೀರು, ಕೂಲಿ. ಕಂಪನಿಯವರು ಮರಿ-ಫೀಡ್ ಕೊಟ್ಟು ಸಾಕಿಸುವ ಒಪ್ಪಂದದ ಶೆಡ್ ಆದರೆ ಇನ್ನೂ ಎಚ್ಚರ. ಅಲ್ಲಿ ಕೂಲಿ ಸಿಗುವುದು ಎಷ್ಟು ಫೀಡಿಗೆ ಎಷ್ಟು ತೂಕ ಬಂತು ಎಂಬ ಲೆಕ್ಕದ ಮೇಲೆ. ತೂಕ ಇಳಿದರೆ ಕೂಲಿಯೂ ಇಳಿಯುತ್ತದೆ. ಮನೆಯಲ್ಲಿ ಹಸು, ಆಡು, ನಾಟಿ ಕೋಳಿ ಇದ್ದು ಹಸಿಹುಲ್ಲಿಗೆ ಬರ ಇದ್ದರೆ ಬಿದಿರಿನ ಚೌಕಟ್ಟು, ನೆರಳು ಬಲೆ, ನಾಲ್ಕು ಟ್ರೇಗಳಿಂದ ಶುರು ಮಾಡಿ ನೋಡಲಿ. ದೊಡ್ಡ ಮಷಿನ್‌ಗೆ ಹಣ ಹಾಕುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪಶು ಆಸ್ಪತ್ರೆಯಲ್ಲೋ ಕೇಳಲಿ. ಮಷಿನ್ ಮಾರುವವರನ್ನು ಮಾತ್ರ ಕೇಳಿ ನಿರ್ಧರಿಸುವುದು ಬೇಡ.

*ನೆನಪಿಡಬೇಕಾದದ್ದು*

✔ ಹೈಡ್ರೋಪೋನಿಕ್ ಮೇವಿನಲ್ಲಿ ಬಹುಪಾಲು ನೀರು. ಬ್ರಾಯ್ಲರ್‌ಗೆ ಅದು ಫೀಡಿನ ಬದಲಿಯಾಗದು, ಜೊತೆಗೆ ಸ್ವಲ್ಪ ಹಾಕಬಹುದು.
✔ ಕೊಲೆಸ್ಟ್ರಾಲ್ ಇಲ್ಲದ ಕೋಳಿ ಇಲ್ಲ.
✔ ಚರ್ಮ ತೆಗೆಸಿ, ಎಣ್ಣೆ-ಉಪ್ಪು ಇಳಿಸಿ, ಮಿತವಾಗಿ ತಿನ್ನಿ.
✔ ಸ್ಟೆಂಟ್, ಬೈಪಾಸ್, ಕವಾಟದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.
✔ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಏದುಸಿರು – ಗ್ಯಾಸ್ ಎಂದುಕೊಂಡು ಬೆಳಗಾಗುವವರೆಗೆ ಕಾಯಬೇಡಿ. 112ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.

ಇವತ್ತು ರಾತ್ರಿ ಊಟವಾದ ಮೇಲೆ ಒಂದು ಕೆಲಸ ಮಾಡಿ. ಊರಲ್ಲಿರುವ ಅಪ್ಪ-ಅಮ್ಮನಿಗೆ, ಅತ್ತೆ-ಮಾವನಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳುತ್ತೀರಲ್ಲ, ಅದರ ಜೊತೆ "ಮಾತ್ರೆ ಆಯ್ತಾ? ಪಟ್ಟಿಯಲ್ಲಿ ಎಷ್ಟು ಉಳಿದಿವೆ?" ಎಂದೂ ಕೇಳಿ. ನನ್ನ ಆ ರೋಗಿಗೆ ಯಾರಾದರೂ ಇದನ್ನು ಕೇಳಿದ್ದಿದ್ದರೆ ಆ ರಾತ್ರಿಯ ಫೋನು ಬರುತ್ತಿರಲಿಲ್ಲವೇನೋ.

ಮುಂದಿನ ಕಂತಿನಲ್ಲಿ ಬಿಪಿ ಮಾತ್ರೆಗಳ ಬಗ್ಗೆ ಖಂಡಿತ ಬರೆಯುತ್ತೇನೆ. ಈ ಬರಹ ಉಪಯೋಗ ಎನಿಸಿದರೆ ನಿಮ್ಮ ಬಳಗಕ್ಕೆ ಕಳಿಸಿ. ಏನನ್ನೂ ಸೇರಿಸದೆ, ತೆಗೆಯದೆ ಪೂರ್ತಿಯಾಗಿ ಕಳಿಸಿ. ಇದು ಎಲ್ಲರಿಗೂ ಹೊಂದುವ ಸಾಮಾನ್ಯ ತಿಳಿವಳಿಕೆ. ನಿಮ್ಮ ಔಷಧದ ವಿಷಯದಲ್ಲಿ ನಿಮ್ಮನ್ನು ನೋಡುವ ವೈದ್ಯರ ಮಾತೇ ಕೊನೆ.

ಆರೋಗ್ಯವಾಗಿರಿ.

– ನಿಮ್ಮ ಹೃದ್ರೋಗ ತಜ್ಞರು, ಎಂ.ಡಿ., ಪುಣೆ